ಹಾಡಿಗೆ ಒಂದೇ ಧಾಟಿ ಸಾಕೆ?

2022ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ನಾಡಗೀತೆಗೆ ಧಾಟಿಯನ್ನು ಗೊತ್ತುಮಾಡಿ ಆದೇಶ ಹೊರಡಿಸಿತು. ಕುವೆಂಪು ಅವರ ಗೀತೆಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕು. 2004ರಲ್ಲಿ ಅದು ಅಧಿಕೃತವಾಗಿ ನಾಡಗೀತೆಯಾದ ಮೇಲೆ ಅನಂತಸ್ವಾಮಿ ಅವರ ಧಾಟಿಯೋ ಸಿ. ಅಶ್ವತ್ಥ್ ಅವರದೋ ಎಂಬ ವಾದ ನಡೆದೇ ಇತ್ತು. ಆದೇಶ ಬಂದ ಮೇಲೂ ವಾದ ನಿಲ್ಲಲಿಲ್ಲ. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿನ ಮೆಟ್ಟಿಲೇರಿದರು. 2024ರಲ್ಲಿ ಅರ್ಜಿ ವಜಾ ಆಯಿತು.

ಆಡಳಿತದ ದೃಷ್ಟಿಯಿಂದ ನೋಡಿದರೆ ಆದೇಶ ತಪ್ಪಲ್ಲ. ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳು ಬೀದರಿನಲ್ಲೂ ಚಾಮರಾಜನಗರದಲ್ಲೂ ಒಂದೇ ತೆರನಾಗಿ ಹಾಡಲಿ ಎಂದು ಸರ್ಕಾರ ಬಯಸುವುದು ಸಹಜ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಇಷ್ಟು ವರ್ಷದ ವಾದದಲ್ಲಿ ಒಂದು ನಂಬಿಕೆ ಸದ್ದಿಲ್ಲದೆ ಕೂತಿತ್ತು: ಒಂದು ಪದ್ಯಕ್ಕೆ ನಿಜವಾದ ಧಾಟಿ ಒಂದೇ ಇರಬೇಕು, ಮಿಕ್ಕವು ಪಕ್ಕಕ್ಕೆ ಸರಿಯಬೇಕು. ನಮ್ಮ ಹಿರಿಯರಿಗೆ ಈ ನಂಬಿಕೆ ಇರಲಿಲ್ಲ. ಪುರಂದರದಾಸರ ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ, ಇನ್ನೊಬ್ಬರು ಮತ್ತೊಂದು ರಾಗದಲ್ಲಿ ಹಾಡಿದರೆ ಯಾರೂ ತಕರಾರು ತೆಗೆದವರಲ್ಲ. ವಚನಗಳ ಗಾಯನವೂ ಹಾಗೆಯೇ ಬೆಳೆದದ್ದು. ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಧ್ವನಿಮುದ್ರಣದಿಂದ, ಅದನ್ನು ಮಾರಿದ ಉದ್ಯಮದಿಂದ ಬಂತು ಎಂಬುದು ನನ್ನ ವಾದ. ಸಂಗೀತೋದ್ಯಮ ಸಮಾಜದ ಮೇಲೆ ಬೀರಿದ ಅತ್ಯಂತ ಆಳವಾದ ಪ್ರಭಾವವೂ ಇದೇ.

ಜನಪ್ರಿಯ ಗಾಯಕರ ಪ್ರಭಾವದ ಮಾತು ಬಂದಾಗಲೆಲ್ಲ ನಾವು ಸಾಹಿತ್ಯದ ಸಾಲುಗಳಿಗೇ ಜೋತುಬೀಳುತ್ತೇವೆ. ಅಶ್ಲೀಲ ಹಾಡು ಹುಡುಗರನ್ನು ಕೆಡಿಸುತ್ತದೆ, ನಾಡುನುಡಿಯ ಹಾಡು ಅಭಿಮಾನ ಬೆಳೆಸುತ್ತದೆ ಎನ್ನುತ್ತೇವೆ. 1972ರ 'ಬಂಗಾರದ ಮನುಷ್ಯ' ನೋಡಿ ಪಟ್ಟಣದ ಯುವಕರು ಬೇಸಾಯಕ್ಕೆ ಮರಳಿದರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಇರಬಹುದು. ಆದರೆ ಹಾಡಿನ ಉಪದೇಶವನ್ನು ಕೇಳಿದವನು ಒಪ್ಪಬಹುದು, ಬಿಡಬಹುದು, ಮರೆಯಲೂಬಹುದು. ಹಾಡು ಅಂದರೆ ಏನು, ಅದನ್ನು ಹಾಡುವ ಹಕ್ಕು ಯಾರಿಗಿದೆ, ಅದು ಎಷ್ಟು ಉದ್ದ ಇರಬೇಕು ಎಂಬ ತಿಳಿವಳಿಕೆ ಹಾಗಲ್ಲ. ಅದು ನಮಗೆ ಗೊತ್ತಾಗದಂತೆಯೇ ಒಳಗೆ ಇಳಿದುಬಿಡುತ್ತದೆ.

1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದರು. ಗಂಟೆಗಟ್ಟಲೆ ರಾಗ ಬೆಳೆಸಬಲ್ಲ ಗಾಯಕಿ ಸುಮಾರು ಮೂರು ನಿಮಿಷದಲ್ಲಿ ಎಲ್ಲವನ್ನೂ ಹೇಳಿ, ಕೊನೆಯಲ್ಲಿ ತಮ್ಮ ಹೆಸರನ್ನೂ ಕೂಗಿ ಹೇಳಬೇಕಿತ್ತು. ಆ ಮೂರು ನಿಮಿಷ ಯಾವ ರಸಿಕರ ಬೇಡಿಕೆಯೂ ಅಲ್ಲ, ತಟ್ಟೆಯಲ್ಲಿ ಹಿಡಿಯುತ್ತಿದ್ದದ್ದೇ ಅಷ್ಟು. ಕ್ರಮೇಣ ಆ ಅಳತೆಗೆ ಕೇಳುವವರ ಕಿವಿಯೂ ಪಳಗಿತು. ನಾಡಗೀತೆಗೆ ಎರಡೂವರೆ ನಿಮಿಷ ಸಹಜವೆನಿಸುವುದು ನೂರು ವರ್ಷಗಳ ಈ ಪಳಗಿಕೆಯಿಂದಲೇ. ಇವತ್ತು ಮೊಬೈಲಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈನಂಥ ಕಂಪನಿಗಳು ಮೂವತ್ತು ಸೆಕೆಂಡ್ ಕೇಳಿದರೆ ಒಂದು ಲೆಕ್ಕ ಹಿಡಿಯುತ್ತವೆ. ಕೇಳುಗ ಅಷ್ಟರೊಳಗೆ ಹಾಡು ಬದಲಾಯಿಸಿಬಿಟ್ಟರೆ ನಷ್ಟ. ಹಾಗಿರುವಾಗ ಪಲ್ಲವಿಗೆ ಮುಂಚೆ ಕೊಳಲೋ ವೀಣೆಯೋ ನಿಧಾನವಾಗಿ ನುಡಿಯಲು ಎಡೆ ಎಲ್ಲಿದೆ?

ಕನ್ನಡದ ಮಟ್ಟಿಗೆ ದೊಡ್ಡ ತಿರುವು ತಂದದ್ದು ಕ್ಯಾಸೆಟ್. ಅದಕ್ಕೂ ಮುಂಚೆ ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೊಂದಿಗೆ ಊರೂರು ಸುತ್ತಿ ಕುವೆಂಪು, ಬೇಂದ್ರೆಯವರ ಗೀತೆಗಳನ್ನು ಜನರ ಬಾಯಿಗೆ ತಂದಿದ್ದರು. ಆದರೆ ರಾಯರ ಹಾಡು ಬೇಕೆಂದರೆ ರಾಯರೇ ಬರಬೇಕಿತ್ತು. ಇಲ್ಲವೇ ರೇಡಿಯೋದಲ್ಲಿ, ಗ್ರಾಮಫೋನಿನಲ್ಲಿ ಕೇಳಬೇಕಿತ್ತು. 1978ರಲ್ಲಿ ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕೂಡಿಸಿದ 'ನಿತ್ಯೋತ್ಸವ' ಬಂತು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಅದು ಹೆಸರಾಯಿತು. ಆಮೇಲೆ ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್, ಅಶ್ವತ್ಥ್ ಅವರ ದನಿಗಳು ಮನೆಮನೆಯ ಟೇಪ್‌ರೆಕಾರ್ಡರಿಗೆ ಬಂದವು. ಕವಿತೆಯ ಪುಸ್ತಕವನ್ನು ಎಂದೂ ಕೊಳ್ಳದ ಮನೆಗಳಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ಸಾಲುಗಳು ಅಡುಗೆಮನೆಯಲ್ಲಿ ಕೇಳಿಬಂದವು. ಜಗತ್ತಿನ ಎಷ್ಟೋ ಭಾಷೆಗಳಿಗೆ ಈ ಭಾಗ್ಯ ಇಲ್ಲ. ಇದನ್ನು ನಾನು ಮನಸಾರೆ ಹೇಳುತ್ತೇನೆ. ಮುಂದಿನ ಮಾತು ಇದನ್ನು ಅಲ್ಲಗಳೆಯುವುದಕ್ಕಲ್ಲ.

ಶಿಶುನಾಳ ಶರೀಫರನ್ನು ನೋಡಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು, ಗುರು ಗೋವಿಂದಭಟ್ಟರ ಶಿಷ್ಯರು. ಧಾರವಾಡ ಸೀಮೆಯ ಭಜನಾ ಮೇಳಗಳು ಅವರ ತತ್ವಪದಗಳನ್ನು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದವು. ಮೇಳದಲ್ಲಿ ಪದ ಹೇಗೆ ನಡೆಯುತ್ತದೆ ಎಂಬುದನ್ನು ಕೂತು ಕೇಳಿದವರೇ ಬಲ್ಲರು. ಮುಮ್ಮೇಳದ ಹಿರಿಯ ಮೊದಲ ಸಾಲನ್ನು ಎಳೆದು ಹಾಡುತ್ತಾನೆ, ಹಿಮ್ಮೇಳ ಹಿಡಿಯುತ್ತದೆ. ದಮ್ಮಡಿ ಬಡಿಯುವವನಿಗೆ ಹುರುಪು ಬಂದರೆ ನಡೆ ಏರುತ್ತದೆ. ಕೂತವರಲ್ಲಿ ಯಾರಿಗೋ ಒಂದು ಸಾಲು ಎದೆಗೆ ತಾಕಿದ್ದು ಕಂಡರೆ ಹಾಡುವವನು ಅದೇ ಸಾಲನ್ನು ನಾಲ್ಕು ಸಲ ತಿರುಗಿಸುತ್ತಾನೆ. ನಡುವೆ ಹಾಡು ನಿಲ್ಲಿಸಿ ಪದದ ಒಳಗುಟ್ಟನ್ನು ಬಿಡಿಸಿ ಹೇಳುವುದೂ ಉಂಟು. ಪದ ಹತ್ತು ನಿಮಿಷಕ್ಕೂ ಮುಗಿಯಬಹುದು, ಅರ್ಧ ಗಂಟೆಯೂ ಹಿಡಿಯಬಹುದು. ಪಕ್ಕದ ಊರಿನ ಮೇಳದಲ್ಲಿ ಇದೇ ಪದದ ಮಟ್ಟು ಬೇರೆ, ಒಂದೆರಡು ಮಾತೂ ಬೇರೆ.

ಅಶ್ವತ್ಥ್ ಆ ಪದಗಳಿಗೆ ತಮ್ಮ ಕಂಠ ಕೊಟ್ಟರು. ಎಂಥ ಕಂಠ ಅದು! 1990ರಲ್ಲಿ ನಾಗಾಭರಣ ನಿರ್ದೇಶಿಸಿದ 'ಸಂತ ಶಿಶುನಾಳ ಶರೀಫ' ಚಿತ್ರದ ಹೊತ್ತಿಗೆ ಶರೀಫರು ಇಡೀ ಕರ್ನಾಟಕದ ಆಸ್ತಿಯಾಗಿದ್ದರು. ಒಬ್ಬ ಮುಸ್ಲಿಂ ಸಂತ, ಅವನ ಬ್ರಾಹ್ಮಣ ಗುರು, ಇಬ್ಬರ ಕಥೆ ಬೆಂಗಳೂರಿನ ಬಡಾವಣೆಗಳನ್ನೂ ತಲುಪಿತು. ಆದರೆ ಅದೇ ಹೊತ್ತಿಗೆ ಇನ್ನೊಂದೂ ನಡೆಯಿತು. ಕ್ಯಾಸೆಟ್ಟಿನ ಧಾಟಿ ಶರೀಫರ ಧಾಟಿಯಾಗಿಬಿಟ್ಟಿತು. ಶಾಲೆಯ ಗೀತಗಾಯನ ಸ್ಪರ್ಧೆಯಲ್ಲಿ ಒಬ್ಬ ಹುಡುಗ ತನ್ನ ಅಜ್ಜನ ಮೇಳದ ಮಟ್ಟಿನಲ್ಲಿ ಹಾಡಿದರೆ ಅವನು ಪದ ಸರಿಯಾಗಿ ಕಲಿತಿಲ್ಲ ಎಂದು ಅಂಕ ಕಳೆಯುವ ತೀರ್ಪುಗಾರರು ಹುಟ್ಟಿಕೊಂಡರು. ಇದಕ್ಕೆ ಅಶ್ವತ್ಥ್ ಹೊಣೆಯಲ್ಲ. ಅವರು ಮಾಡಿದ್ದು ಮೇಳದ ಹಿರಿಯರು ಮಾಡುತ್ತ ಬಂದದ್ದನ್ನೇ: ತಮಗೆ ಕಂಡಂತೆ ಹಾಡಿದರು. ಅವರದೂ ಒಂದು ಧಾಟಿ ಎಂದು ಇಟ್ಟುಕೊಳ್ಳಬೇಕಾದ ನಾವು ಅದನ್ನೇ ಮೂಲವೆಂದು ತಿಳಿದೆವು. ಲಕ್ಷಗಟ್ಟಲೆ ಪ್ರತಿಗಳಾಗಿ ಬಂದು ಎಲ್ಲೆಡೆ ಒಂದೇ ತೆರನಾಗಿ ಕೇಳಿಸುವುದಕ್ಕೆ ಅಂಥ ಅಧಿಕಾರ ತಾನಾಗಿಯೇ ಬಂದುಬಿಡುತ್ತದೆ.

ಇಲ್ಲೊಂದು ಬಲವಾದ ಆಕ್ಷೇಪ ಇದೆ. ಕ್ಯಾಸೆಟ್ ಇಲ್ಲದೆ ಹೋಗಿದ್ದರೆ ಆ ನೂರು ಮಟ್ಟುಗಳು ಉಳಿಯುತ್ತಿದ್ದವೇ? ಹಿರಿಯರೊಂದಿಗೆ ಅವೂ ಮಣ್ಣಾಗುತ್ತಿರಲಿಲ್ಲವೇ? ಆಗುತ್ತಿತ್ತೇನೋ. ಮೇಳಗಳು ಸೊರಗಿದ್ದಕ್ಕೆ ಕ್ಯಾಸೆಟ್ ಒಂದೇ ಕಾರಣವಲ್ಲ. ಗುಳೆ ಹೋದವರು, ಟೀವಿ, ಊರೊಳಗಿನ ಪಕ್ಷದ ಜಗಳ, ಎಲ್ಲವೂ ಸೇರಿವೆ. ಆದರೂ ಆಕ್ಷೇಪ ನನ್ನ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಹಾಡು ಉಳಿಯಿತೇ ಎಂದು ಕೇಳಿದರೆ ಉಳಿಯಿತು ಎನ್ನಲೇಬೇಕು. ಹಾಡುವವರು ಉಳಿದರೇ ಎಂದು ಕೇಳಿದಾಗ ಮಾತು ತಡವರಿಸುತ್ತದೆ.

ಉದ್ಯಮದ ಹಂಗಿಲ್ಲದೆ ಸಮಾಜವನ್ನು ಅಲುಗಾಡಿಸಿದ ಹಾಡುಗಳೂ ನಮ್ಮಲ್ಲಿವೆ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಪ್ರಕಟವಾಯಿತು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ತಮಟೆಯ ಜೊತೆ ಆ ಹಾಡುಗಳು ಕೇರಿಯಿಂದ ಕೇರಿಗೆ ಹೋದವು. ಶ್ರುತಿ ಕೂಡಿತೋ ಇಲ್ಲವೋ ಯಾರೂ ನೋಡಲಿಲ್ಲ. ಅಲ್ಲಿ ಹಾಡುವವರು, ಕೇಳುವವರು ಎಂಬ ಎರಡು ಪಂಗಡಗಳೇ ಇರಲಿಲ್ಲ. ಸಭೆಯಲ್ಲಿ ತಲೆತಗ್ಗಿಸಿ ಕೂರುವುದೇ ಅಭ್ಯಾಸವಾಗಿದ್ದವನು ಎದ್ದು ನಿಂತು ತನ್ನ ದನಿಯಲ್ಲೇ ಹಾಡಿದ. ಜನಪ್ರಿಯ ಸಂಗೀತ ಸಮಾಜಕ್ಕೆ ಏನು ಮಾಡಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಮೆರವಣಿಗೆಗಳನ್ನೇ.

ಈಗ ನವೆಂಬರ್ ತಿಂಗಳ ಯಾವುದೇ ರಾಜ್ಯೋತ್ಸವದ ವೇದಿಕೆಗೆ ಹೋಗಿ ನೋಡಿ. ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ಬರುತ್ತದೆ. ಹಾಡುವ ಹುಡುಗಿ ಕಣ್ಣನ್ನು ಮೊಬೈಲಿನ ಸಾಹಿತ್ಯದ ಮೇಲೆ ನೆಟ್ಟಿರುತ್ತಾಳೆ. ಒಂದು ಸಾಲು ತಪ್ಪಿದರೆ ತಬಲಾದವನಾದರೆ ಕಾಯುತ್ತಿದ್ದ, ಕಣ್ಣಲ್ಲೇ ಧೈರ್ಯ ಹೇಳುತ್ತಿದ್ದ. ಟ್ರ್ಯಾಕ್ ಕಾಯುವುದಿಲ್ಲ. ಅವಳು ಓಡಿ ಹೋಗಿ ಮುಂದಿನ ಚರಣ ಹಿಡಿಯಬೇಕು. ಮೂಲ ಗಾಯಕಿ ಎಲ್ಲಿ ಉಸಿರು ತೆಗೆದುಕೊಂಡಿದ್ದಳೋ ಅಲ್ಲೇ ಇವಳೂ ತೆಗೆದುಕೊಳ್ಳಬೇಕು. ಅವಳ ಪ್ರತಿಭೆಯನ್ನು ಅಳೆಯುವುದು ಎಷ್ಟು ಹೋಲಿತು ಎಂಬುದರಲ್ಲಿ. ಟೀವಿಯ ಸ್ಪರ್ಧೆಗಳು ಈ ಅಳತೆಗೋಲನ್ನು ಹಳ್ಳಿಯ ಶಾಲೆಯವರೆಗೂ ಮುಟ್ಟಿಸಿವೆ.

ಉದ್ಯಮವೆಂದರೆ ದುಷ್ಟರ ಕೂಟ ಎಂದು ನಾನು ಹೇಳುತ್ತಿಲ್ಲ. ಹಾಡು ಕಟ್ಟುವವರ ಹೊಟ್ಟೆಪಾಡೂ ಅದರಲ್ಲೇ ಇದೆ. ಅವರಿಗೆ ಅದು ನ್ಯಾಯ ಮಾಡಿದ್ದೂ ಕಡಿಮೆ. ಸಿನಿಮಾ ಹಾಡು ಬರೆದವರಿಗೂ ರಾಗ ಕೂಡಿಸಿದವರಿಗೂ ರಾಯಧನದಲ್ಲಿ ಬಿಟ್ಟುಕೊಡಲಾಗದ ಪಾಲು ಸಿಗಲು 2012ರ ಕೃತಿಸ್ವಾಮ್ಯ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಕವಿಗೆ, ಗಾಯಕರಿಗೆ ದುಡ್ಡು ಸಲ್ಲಲಿ, ಧಾರಾಳವಾಗಿ ಸಲ್ಲಲಿ. ಆದರೆ ಹಾಡಿನ ಆದಾಯಕ್ಕೆ ಒಡೆಯರಿದ್ದಾರೆ ಎಂದಮಾತ್ರಕ್ಕೆ ಹಾಡುವ ರೀತಿಗೂ ಒಡೆಯರಿದ್ದಾರೆ ಎಂದು ಜನ ತಾವಾಗಿಯೇ ಬಾಯಿ ಮುಚ್ಚಿಕೊಳ್ಳಬೇಕಾಗಿಲ್ಲ.

ನವೆಂಬರಿನಲ್ಲಿ ಕಾರ್ಯಕ್ರಮ ಏರ್ಪಡಿಸುವ ಸಂಘದವರಲ್ಲಿ, ಶಾಲೆಯ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ ಇದೆ. ನಾಡಗೀತೆಯನ್ನು ಆದೇಶದಲ್ಲಿರುವಂತೆಯೇ ಹಾಡಿಸಿ. ಅದಾದ ಮೇಲೆ ಒಂದು ಗಂಟೆ ಟ್ರ್ಯಾಕ್ ಬಂದ್ ಮಾಡಿಸಿ. ಊರಿನ ಭಜನಾ ಮೇಳದವರನ್ನು, ಸೋಬಾನೆ ಹಾಡುವ ಹೆಂಗಸರನ್ನು ವೇದಿಕೆಗೆ ಕರೆಯಿರಿ. ಮಕ್ಕಳಿಗೆ ಬೇಂದ್ರೆಯವರದೋ ಜಿ.ಎಸ್. ಶಿವರುದ್ರಪ್ಪನವರದೋ ಒಂದು ಕವಿತೆ ಕೊಟ್ಟು, ನಿಮಗೆ ತೋಚಿದ ಧಾಟಿಯಲ್ಲಿ ಹಾಡಿಕೊಂಡು ಬನ್ನಿ ಎಂದು ಹೇಳಿ. ಮಗು ನಡುವೆ ತಪ್ಪಿದರೆ ಮೈಕು ಕಸಿದುಕೊಳ್ಳಬೇಡಿ, ಹಾಡಿ ಮುಗಿಸಲಿ.