ನೆಲವನ್ನು ನೋಡಿ ಕಟ್ಟುವ ಧರ್ಮ

ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಯೇ ಹೆಜ್ಜೆಯಿಡುತ್ತಾರೆ. ಕಟ್ಟಡ ಕಟ್ಟುವ ಶ್ರಾವಕನಿಗೆ ಆರಂಭೀ ಹಿಂಸೆ ಅನಿವಾರ್ಯ. ಆದರೆ ನೆಲವನ್ನು ಪರೀಕ್ಷಿಸದೆ ಕಟ್ಟುವುದು ಅನಿವಾರ್ಯವಲ್ಲ, ಅದು ಪ್ರಮಾದ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೊದಲಿಟ್ಟಿದ್ದಾರೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. ಮಳೆ ವಿಪರೀತವಾಗಿತ್ತು, ನಿಜ. ಆದರೆ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದುದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಗುರುತಿಸಿದರು. ಬುಡವನ್ನು ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ; ಇಂಗಿದ ನೀರು ಅದರ ಭಾರವನ್ನು ಹೆಚ್ಚಿಸಿ ಹಿಡಿತವನ್ನು ಸಡಿಲಿಸುತ್ತದೆ.

ಯತ್ನಾಚಾರದಿಂದ ನಡೆದವನ ಕೈಮೀರಿ ಜೀವಹಾನಿಯಾದರೂ ಅವನಿಗೆ ಹಿಂಸಾದೋಷವಿಲ್ಲ. ಪರೀಕ್ಷಿಸದೆ ಕಟ್ಟಿದವನಿಗಾದರೋ, ಬೆಟ್ಟ ಕುಸಿಯದಿದ್ದರೂ ದೋಷ ತಪ್ಪದು. ಆದುದರಿಂದ ಬೆಟ್ಟದ ಕ್ಷೇತ್ರಗಳಲ್ಲಿ ಯಾತ್ರಿನಿವಾಸ ಕಟ್ಟಿಸುವ ಟ್ರಸ್ಟುಗಳು ಶಿಲಾನ್ಯಾಸಕ್ಕೆ ಮೊದಲೇ ಭೂವಿಜ್ಞಾನಿಗಳಿಂದ ಇಳಿಜಾರು, ಮಣ್ಣಿನ ಆಳ, ಬಂಡೆಯ ಬಿರುಕು, ನೀರಿನ ಹಾದಿ ಇವುಗಳನ್ನು ಪರೀಕ್ಷೆ ಮಾಡಿಸಬೇಕು. ದಾನದ ಹಣದಲ್ಲಿ ಈ ವೆಚ್ಚ ದುಂದಲ್ಲ. ಅಲ್ಲಿ ಮಲಗುವ ಯಾತ್ರಿಕರಿಗೆ ನೀಡುವ ಅಭಯದಾನ. ಆ ಸ್ಥಳ ಯೋಗ್ಯವಲ್ಲವೆಂದು ತಜ್ಞರು ಹೇಳಿದರೆ, ದಾನಿಗಳ ಹೆಸರಿನ ಫಲಕ ಸಿದ್ಧವಾಗಿದ್ದರೂ, ಅಲ್ಲಿ ಕಟ್ಟದಿರುವುದೇ ಧರ್ಮಕಾರ್ಯ.