ಮರ್ಯಮರ ನೋವು ಮತ್ತು ನಮ್ಮ ಮನೆಯ ಬಾಣಂತಿ

ಪವಿತ್ರ ಕುರ್‌ಆನಿನ ಹತ್ತೊಂಬತ್ತನೆಯ ಅಧ್ಯಾಯವಾದ 'ಮರ್ಯಮ್' ಅನ್ನು ನಮ್ಮ ಮನೆಗಳ ಗರ್ಭಿಣಿಯರು ಬಹಳ ಪ್ರೀತಿಯಿಂದ ಓದುತ್ತಾರೆ. ಆದರೆ ಅದರಲ್ಲಿರುವ ಒಂದು ಘಟನೆಯ ಮುಂದೆ ನಾವು ಸಾಕಷ್ಟು ಹೊತ್ತು ನಿಲ್ಲುವುದಿಲ್ಲ. ಹೆರಿಗೆ ನೋವು ಹ. ಮರ್ಯಮ್(ಅ)ರನ್ನು ಒಂದು ಖರ್ಜೂರದ ಮರದ ಬುಡಕ್ಕೆ ತಂದಿತು. ಬಳಿಯಲ್ಲಿ ತಾಯಿ ಇಲ್ಲ, ನೆರೆಯವರಿಲ್ಲ. ಇದಕ್ಕೆ ಮುಂಚೆಯೇ ತಾನು ಸತ್ತು, ಜನರ ನೆನಪಿನಿಂದಲೂ ಅಳಿಸಿಹೋಗಿದ್ದರೆ ಒಳ್ಳೆಯದಿತ್ತು ಎಂದು ಅವರು ಉದ್ಗರಿಸಿದರು. ಲೋಕದ ಸ್ತ್ರೀಯರಲ್ಲಿ ಅಲ್ಲಾಹನು ಆರಿಸಿ ಪರಿಶುದ್ಧಗೊಳಿಸಿದ ಮಹಿಳೆಯ ಬಾಯಿಂದ ಹೊರಟ ಮಾತಿದು!

ಅದಕ್ಕೆ ಬಂದ ಉತ್ತರವೇನು? ನಿನ್ನ ಈಮಾನ್ ಎಲ್ಲಿ ಹೋಯಿತು ಎಂದು ಯಾರೂ ಗದರಿಸಲಿಲ್ಲ. ಇಷ್ಟು ಸಣ್ಣ ನೋವನ್ನೂ ತಾಳಲಾರೆಯಾ ಎಂದೂ ಕೇಳಲಿಲ್ಲ. ದುಃಖಿಸಬೇಡವೆಂಬ ಸಾಂತ್ವನ ಬಂತು. ಕಾಲ ಬುಡದಲ್ಲೇ ನೀರಿನ ತೊರೆ, ಮರ ಅಲುಗಿಸಿದರೆ ಉದುರುವ ಮಾಗಿದ ಹಣ್ಣು. ತಿಂದು ಕುಡಿದು ಕಣ್ಣು ತಂಪು ಮಾಡಿಕೊಳ್ಳಬೇಕೆಂಬ ಆದೇಶ. ಅದರ ಜೊತೆಗೆ, ಆ ದಿನ ಯಾರೊಂದಿಗೂ ಮಾತನಾಡುವ ಹಂಗಿಲ್ಲವೆಂಬ ವಿನಾಯಿತಿ. ಎದುರಾಗುವವರಿಗೆಲ್ಲ ತನ್ನ ಸ್ಥಿತಿಯನ್ನು ವಿವರಿಸುವ ಭಾರವನ್ನೂ ಅಲ್ಲಾಹನು ಆಕೆಯ ಮೇಲಿಂದ ಇಳಿಸಿದನು.

ಈಗ ನಮ್ಮ ಕರಾವಳಿಗೆ ಬರೋಣ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ನಮ್ಮ ಮನೆಗಳಲ್ಲಿ ಬಾಣಂತನಕ್ಕೆ ಕೊರತೆಯಿಲ್ಲ. ಎಣ್ಣೆ ಹಚ್ಚಿ ಬಿಸಿನೀರು ಹಾಕುವವರಿದ್ದಾರೆ, ಮೆಂತೆ ಗಂಜಿ ಕೊಡುವವರಿದ್ದಾರೆ. ನಲವತ್ತು ದಿನ ಶರೀರದ ಆರೈಕೆ ನಡೆಯುತ್ತದೆ. ಬಳಿಕ ಆಕೆ ಗಂಡನ ಮನೆಗೆ ಮರಳುತ್ತಾಳೆ. ಗಂಡ ದುಬೈಯಲ್ಲೋ ದಮ್ಮಾಮಿನಲ್ಲೋ ಇದ್ದಾನೆ. ಕೈಯಲ್ಲೊಂದು ಕೂಸು, ಸೆರಗು ಹಿಡಿದು ಎಳೆಯಲು ಎರಡೂವರೆ ವರ್ಷದ ಇನ್ನೊಂದು. ನಲವತ್ತೊಂದನೆಯ ದಿನದಿಂದ ಆರೈಕೆ ಮುಗಿದು ದುಡಿಮೆ ಶುರುವಾಗುತ್ತದೆ. ಆಕೆಯ ಮನಸ್ಸು ಹೇಗಿದೆ ಎಂದು ಆ ನಲವತ್ತು ದಿನಗಳಲ್ಲಾಗಲಿ, ಆ ಬಳಿಕವಾಗಲಿ ಕೇಳಿದವರು ಯಾರು?

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಅದು ಹೆಚ್ಚೆಂದರೆ ಎರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದೇ ಹೋದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಅನ್ನ ರುಚಿಸದಿದ್ದರೆ, ಮಗುವನ್ನು ಎತ್ತಿಕೊಂಡರೂ ಎದೆಯಲ್ಲಿ ಏನೂ ಅನಿಸದಿದ್ದರೆ, 'ನಾನು ಕೆಟ್ಟ ತಾಯಿ, ನಾನಿಲ್ಲದಿದ್ದರೇ ಮಕ್ಕಳಿಗೆ ಒಳ್ಳೆಯದು' ಎಂಬ ಯೋಚನೆ ಮತ್ತೆ ಮತ್ತೆ ಬಂದರೆ ಅದು ಖಿನ್ನತೆ ಎಂಬ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಹೆತ್ತ ತಾಯಂದಿರ ಪೈಕಿ ಸುಮಾರು ಶೇ. 13 ಮಂದಿಗೆ ಮಾನಸಿಕ ಅನಾರೋಗ್ಯ ಕಾಡುತ್ತದೆ. ಅದರಲ್ಲಿ ಮುಖ್ಯವಾದುದು ಖಿನ್ನತೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಅದು ಶೇ. 22. ಅಂದರೆ ಐದು ಬಾಣಂತಿಯರಲ್ಲಿ ಒಬ್ಬಳು. ನಮ್ಮ ಮೊಹಲ್ಲಾ ಇದಕ್ಕೆ ಹೊರತೆಂದು ಹೇಳಲು ಏನು ಆಧಾರವಿದೆ?

ಮದ್ರಸದಲ್ಲಿ ಕಲಿಸುವ ನಮ್ಮಂಥವರಿಗೆ ಇದರ ಸುಳಿವು ಬೇರೆ ದಾರಿಯಲ್ಲಿ ಸಿಗುವುದುಂಟು. ಅಚ್ಚುಕಟ್ಟಾಗಿ ಬರುತ್ತಿದ್ದ ಹುಡುಗಿ ತಲೆ ಬಾಚದೆ ಬರತೊಡಗುತ್ತಾಳೆ. ಕೇಳಿದರೆ 'ಉಮ್ಮ ಮಲಗಿದ್ದಾರೆ' ಎನ್ನುತ್ತಾಳೆ. ಮರುವಾರವೂ ಅದೇ ಉತ್ತರ.

ಇಂತಹ ಮನೆಗಳಲ್ಲಿ ಕೇಳಿಬರುವ ಮಾತುಗಳು ನಮಗೆಲ್ಲ ಗೊತ್ತು. 'ನಾವು ಏಳು ಹೆತ್ತಿಲ್ಲವೇ?' 'ನಮಾಝ್ ಸರಿಯಾಗಿ ಮಾಡಿದರೆ ಎಲ್ಲ ಸರಿಹೋಗುತ್ತದೆ.' 'ಯಾರದೋ ಕಣ್ಣು ಬಿದ್ದಿದೆ, ನೀರು ಓದಿಸಿ ಕೊಡಿ.' ಕುರ್‌ಆನ್ ಪಾರಾಯಣದಿಂದ ಹೃದಯಕ್ಕೆ ನೆಮ್ಮದಿ ಸಿಗುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಧುಮೇಹಿಗೆ ನಾವು ಬರೇ ನೀರು ಓದಿಸಿ ಕೊಟ್ಟು ಸುಮ್ಮನಿರುತ್ತೇವೆಯೇ? ಚಿಕಿತ್ಸೆ ಪಡೆಯಬಹುದೇ ಎಂದು ಗ್ರಾಮೀಣ ಅರಬರು ಕೇಳಿದಾಗ ಪ್ರವಾದಿವರ್ಯರು(ಸ) ಚಿಕಿತ್ಸೆ ಮಾಡಿಸಿಕೊಳ್ಳಲು ಆಜ್ಞಾಪಿಸಿದರು. ಮುಪ್ಪೊಂದನ್ನು ಬಿಟ್ಟು ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲವೆಂದು ತಿಳಿಸಿದರು. ಅದು ಶರೀರದ ರೋಗಕ್ಕೆ ಮಾತ್ರ ಎಂದು ಅವರು ಹೇಳಲಿಲ್ಲ. ಮನೆಯಲ್ಲಿ ಸಾವಾದಾಗ ಹ. ಆಇಶಾ(ರ) ಜವೆಹಿಟ್ಟಿನ 'ತಲ್ಬೀನಾ' ಎಂಬ ಗಂಜಿ ಮಾಡಿಸಿ ದುಃಖಿತರಿಗೆ ಕೊಡಿಸುತ್ತಿದ್ದರು. ಅದರಿಂದ ರೋಗಿಯ ಹೃದಯಕ್ಕೆ ಹಿತವಾಗಿ ದುಃಖ ಸ್ವಲ್ಪ ಇಳಿಯುತ್ತದೆಂದು ಅವರು ಪ್ರವಾದಿವರ್ಯರಿಂದ(ಸ) ಕೇಳಿದ್ದರು. ದುಃಖಕ್ಕೂ ಉಪಚಾರ ಬೇಕೆಂಬುದು ಆ ಮನೆಗೆ ತಿಳಿದಿತ್ತು.

ಚಿಕಿತ್ಸೆ ಎಲ್ಲಿ? ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಆದರೆ ಶಿರೂರಿನಿಂದ ಮಣಿಪಾಲಕ್ಕೆ 70 ಕಿ.ಮೀ.ಗೂ ಮಿಕ್ಕಿದ ದಾರಿ. ಕೂಸನ್ನೆತ್ತಿಕೊಂಡು ಬಸ್ಸಿನಲ್ಲಿ ಹೋಗಿ ಬರಲು ಇಡೀ ದಿನ ಬೇಕು. ಜೊತೆಗೆ ಹೋಗಲು ಗಂಡಸು ಊರಲ್ಲಿಲ್ಲ. ಗಂಗೊಳ್ಳಿಯ ಬಸ್‌ಸ್ಟಾಂಡಿನಲ್ಲಿ ನಿಂತರೆ 'ಎಲ್ಲಿಗೆ ಹೊರಟಿರಿ?' ಎಂದು ಕೇಳುವವರು ಹತ್ತು ಮಂದಿ. ಹಾಗಾಗಿ ಯಾರೂ ಹೋಗುವುದಿಲ್ಲ.

ಇಲ್ಲಿಯೇ ಮೊಬೈಲು ನಮ್ಮ ನೆರವಿಗೆ ಬರುತ್ತದೆ. ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 25ರಂದು, ವೈದ್ಯರು ವಿಡಿಯೋ ಅಥವಾ ಫೋನಿನ ಮೂಲಕ ರೋಗಿಯನ್ನು ನೋಡಲು ಕೇಂದ್ರ ಸರಕಾರ ನಿಯಮಗಳನ್ನು ಹೊರಡಿಸಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಉಚಿತ ಸೇವೆ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸ್ಥಾನ. 14416ಕ್ಕೆ ಹಗಲಿರುಳು ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡಬಹುದು, ಉರ್ದುವಿನಲ್ಲೂ ಮಾತನಾಡಬಹುದು. ಆಪ್ತ ಸಲಹೆಗಾರರು ಮೊದಲು ಕೇಳಿಸಿಕೊಳ್ಳುತ್ತಾರೆ, ಅಗತ್ಯವಿದ್ದರೆ ಮನೋವೈದ್ಯರಿಗೆ ಕಳಿಸುತ್ತಾರೆ. ವಾರಕ್ಕೊಮ್ಮೆ ಗೊತ್ತುಪಡಿಸಿದ ಹೊತ್ತಿಗೆ ವಿಡಿಯೋದಲ್ಲಿ ಮಾತನಾಡಿಸುವ ಖಾಸಗಿ ಮನಶ್ಶಾಸ್ತ್ರಜ್ಞೆಯರೂ ಇದ್ದಾರೆ. ಮಹಿಳೆಯೇ ಬೇಕೆಂದು ಕೇಳಿಕೊಳ್ಳಲು ಸಂಕೋಚ ಬೇಡ.

ಬರೇ ಮಾತಿನಿಂದ ಕಾಯಿಲೆ ಹೋಗುತ್ತದೆಯೇ ಎಂದು ನಗುವವರುಂಟು. ಪಾಕಿಸ್ತಾನದ ರಾವಲ್ಪಿಂಡಿ ಸುತ್ತಲಿನ ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗ 2008ರಲ್ಲಿ ಪ್ರಕಟವಾಯಿತು. ನಮ್ಮ ಆಶಾ ಕಾರ್ಯಕರ್ತೆಯರಂತಹ ಗ್ರಾಮೀಣ ಆರೋಗ್ಯ ಕಾರ್ಯಕರ್ತೆಯರು ತರಬೇತಿ ಪಡೆದು ಖಿನ್ನತೆಯಿದ್ದ ತಾಯಂದಿರ ಮನೆಗೆ ಹೋಗಿ ಒಟ್ಟು 16 ಸಲ ಮಾತನಾಡಿಸಿದರು. ತಾಯಿಯ ಆರೋಗ್ಯ, ಆಕೆ ಮತ್ತು ಮಗು, ಆಕೆ ಮತ್ತು ಮನೆಯವರು ಎಂಬುದೇ ಮಾತಿನ ವಿಷಯ. ಮಗುವಿಗೆ ಆರು ತಿಂಗಳಾದಾಗ ಈ ಗುಂಪಿನಲ್ಲಿ ಶೇ. 23 ತಾಯಂದಿರಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಅಂತಹ ಮಾತುಕತೆ ಸಿಗದ ಗುಂಪಿನಲ್ಲಿ ಶೇ. 53. ಅಲ್ಲಿ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಳು. ಇಲ್ಲಿ ಅದೇ ಬಗೆಯ ಮಾತು ಫೋನಿನಲ್ಲಿ ಬರುತ್ತದೆ, ಅಷ್ಟೇ.

ಆದರೆ ಧರ್ಮನಿಷ್ಠ ಸಹೋದರಿಯರನ್ನು ತಡೆದು ನಿಲ್ಲಿಸುವ ಇನ್ನೊಂದು ಅಂಜಿಕೆಯಿದೆ. ಅದು ಗೀಬತ್‌ನ ಅಂಜಿಕೆ. ಸಲಹೆಗಾರ್ತಿ ಕೇಳಿದರೆ ಅತ್ತೆಯ ಮಾತು, ಗಂಡನ ಸ್ವಭಾವ ಎಲ್ಲವನ್ನೂ ಹೇಳಬೇಕಾಗುತ್ತದೆ. ಅದು ಸತ್ತ ಸಹೋದರನ ಮಾಂಸ ತಿಂದಂತಾಗದೇ? ಈ ಭಯ ಗೌರವಾರ್ಹವಾದುದು. ಆದ್ದರಿಂದಲೇ ಇದಕ್ಕೆ ಸರಿಯಾದ ಉತ್ತರ ತಿಳಿದಿರಬೇಕು. ಹ. ಹಿಂದ್ ಬಿಂತ್ ಉತ್ಬಾ(ರ) ಪ್ರವಾದಿವರ್ಯರ(ಸ) ಬಳಿಗೆ ಬಂದು, ತನ್ನ ಪತಿ ಅಬೂಸುಫ್ಯಾನ್(ರ) ಕೈಬಿಗಿಯವರು, ತನಗೂ ಮಕ್ಕಳಿಗೂ ಸಾಕಾಗುವಷ್ಟು ಕೊಡುವುದಿಲ್ಲವೆಂದು ಹೆಸರು ಹೇಳಿಯೇ ದೂರಿದರು. ಪ್ರವಾದಿವರ್ಯರು(ಸ) ಬಾಯಿ ಮುಚ್ಚೆಂದು ಹೇಳಲಿಲ್ಲ. ಆಕೆಗೂ ಮಕ್ಕಳಿಗೂ ಬೇಕಾದಷ್ಟನ್ನು ನ್ಯಾಯೋಚಿತವಾಗಿ ಪತಿಯ ಸಂಪತ್ತಿನಿಂದ ತೆಗೆದುಕೊಳ್ಳುವ ದಾರಿ ತೋರಿಸಿದರು. ಪರಿಹಾರ ಬೇಡಿ ಹೇಳಿಕೊಳ್ಳುವ ಮಾತು ನಿಷಿದ್ಧ ಗೀಬತ್ ಅಲ್ಲವೆಂದು ಇಮಾಮ್ ನವವಿ(ರ)ಯವರು ವಿವರಿಸುವಾಗ ಈ ಹದೀಸನ್ನೇ ಆಧಾರವಾಗಿಟ್ಟಿದ್ದಾರೆ. ಮದುವೆ ಮನೆಯಲ್ಲಿ ಕುಳಿತು ಅತ್ತೆಯನ್ನು ಆಡಿಕೊಳ್ಳುವುದೇ ಬೇರೆ, ಮದ್ದು ಕೊಡುವವರ ಮುಂದೆ ಗಾಯವನ್ನು ತೋರಿಸುವುದೇ ಬೇರೆ. (ಮೊದಲನೆಯದಕ್ಕೆ ನಾವು ಯಾರೂ ಅಷ್ಟಾಗಿ ಅಂಜುವುದಿಲ್ಲ ಎಂಬುದು ವಿಚಿತ್ರ!)

ಹಾಗೆ ಹೇಳಿಕೊಳ್ಳಲು ಏಕಾಂತ ಬೇಕು. ಹ. ಖೌಲಾ ಬಿಂತ್ ಸಅ್‌ಲಬಾ(ರ) ತಮ್ಮ ಪತಿಯ ಕುರಿತ ಅಳಲನ್ನು ತೋಡಿಕೊಂಡಾಗ ಹ. ಆಇಶಾ(ರ) ಅದೇ ಮನೆಯ ಮೂಲೆಯಲ್ಲಿದ್ದರೂ ಎಲ್ಲ ಮಾತುಗಳು ಅವರಿಗೆ ಕೇಳಿಸಲಿಲ್ಲ. ಅಷ್ಟು ತಗ್ಗಿದ ದನಿ ಅದು. ಆದರೆ ಏಳು ಆಕಾಶಗಳ ಮೇಲಿಂದ ಅಲ್ಲಾಹನು ಅದನ್ನು ಆಲಿಸಿದನು, ಆಕೆಯ ವಿಷಯದಲ್ಲಿ ಕುರ್‌ಆನ್ ಅವತೀರ್ಣವಾಯಿತು. ನಮ್ಮ ಕೂಡು ಕುಟುಂಬಗಳಲ್ಲಿ ಸೊಸೆಗೆ ಅಂತಹ ಮೂಲೆ ಎಲ್ಲಿದೆ? ನಾದಿನಿ ಒಳಗೆ ಬರುತ್ತಾಳೆ, ಮಕ್ಕಳು ಬಾಗಿಲು ಬಡಿಯುತ್ತಾರೆ, ಸ್ಪೀಕರ್ ಹಾಕಿ ಮಾತಾಡೆಂದು ಯಾರೋ ಹೇಳುತ್ತಾರೆ. ವಾರಕ್ಕೆ ಅರ್ಧ ಗಂಟೆ ಒಂದು ಕೋಣೆಯ ಬಾಗಿಲನ್ನು ಆಕೆಗೆ ಮುಚ್ಚಿಕೊಟ್ಟು, ಕೂಸನ್ನು ಎತ್ತಿಕೊಳ್ಳುವ ಅತ್ತೆ ಚಿಕಿತ್ಸೆಯ ಅರ್ಧ ಭಾಗವನ್ನು ತಾನೇ ಮಾಡಿದಂತೆ. ಮಗುವಿನ ಕಾರಣದಿಂದ ತಾಯಿಗೆ ತೊಂದರೆಯಾಗಬಾರದೆಂಬುದು ಎರಡನೆಯ ಅಧ್ಯಾಯ ಅಲ್‌ಬಕರದಲ್ಲಿರುವ ಸ್ಪಷ್ಟ ವಿಧಿ. ಹೇಳಿದ್ದು ಹೊರಗೆ ಹೋದೀತೆಂಬ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯ ಗುಟ್ಟನ್ನು ಕಾಪಾಡುವ ಹೊಣೆಯನ್ನು ಚಿಕಿತ್ಸಕರ ಮೇಲೆ ಹೊರಿಸಿದೆ.

ನಮಾಝ್‌ನಲ್ಲಿ ಮನಸ್ಸು ನಿಲ್ಲದಿರುವುದನ್ನು ಕಂಡು ತಾನು ಕಪಟವಿಶ್ವಾಸಿಯೇ ಎಂದು ಹೆದರುವ ತಾಯಂದಿರಿದ್ದಾರೆ. ಹಿಂದಿನ ಸಾಲಿನಲ್ಲಿ ಮಗುವೊಂದು ಅತ್ತಾಗ, ಅದರ ತಾಯಿಯ ಸಂಕಟವನ್ನು ಅರಿತು ಪ್ರವಾದಿವರ್ಯರು(ಸ) ಇಡೀ ಜಮಾಅತ್‌ನ ನಮಾಝನ್ನೇ ಚಿಕ್ಕದಾಗಿಸುತ್ತಿದ್ದರು. ಇದನ್ನು ಆ ತಾಯಂದಿರಿಗೆ ಯಾರಾದರೂ ಹೇಳಬೇಕು.

ಫೋನಿನಿಂದ ಆಗದ ಕೆಲಸಗಳೂ ಇವೆ. ಹೆರಿಗೆಯ ಬಳಿಕ ರಕ್ತಹೀನತೆಯಾದರೂ, ಥೈರಾಯ್ಡ್ ಏರುಪೇರಾದರೂ ಇದೇ ಬಗೆಯ ಆಯಾಸ ಕಾಣಿಸಬಹುದು. ಅದಕ್ಕೆ ರಕ್ತ ಪರೀಕ್ಷೆ ಆಗಲೇಬೇಕು. ಮಾತ್ರೆ ಬೇಕಾದಾಗ, ಎದೆಹಾಲು ಕೊಡುತ್ತಿರುವುದನ್ನು ವೈದ್ಯರಿಗೆ ತಿಳಿಸಿದರೆ ಅದಕ್ಕೆ ಹೊಂದುವುದನ್ನೇ ಆರಿಸುತ್ತಾರೆ. ಆದರೆ ತಾಯಿ ದಿನಗಟ್ಟಲೆ ನಿದ್ದೆಯಿಲ್ಲದೆ ಅಸಂಬದ್ಧ ಮಾತಾಡತೊಡಗಿದರೆ, ಯಾರದೋ ದನಿ ಕೇಳಿಸುತ್ತದೆಂದರೆ, ತನಗೋ ಮಗುವಿಗೋ ಏನಾದರೂ ಮಾಡಿಬಿಡುವೆನೆಂದರೆ, ಅದನ್ನು ಜಿನ್ನ್ ಎಂದು ಮೂರು ದಿನ ಕಾಯುವುದು ಅಪಾಯ. ಆ ಕ್ಷಣವೇ ಆಕೆಯನ್ನು ಆಸ್ಪತ್ರೆಗೆ ಒಯ್ಯಬೇಕು, ಒಂಟಿಯಾಗಿ ಬಿಡಬಾರದು. ಸೇರಿಸಿದರೆ ತಾಯಿ-ಮಗುವನ್ನು ಅಗಲಿಸುತ್ತಾರೆಂಬ ಭಯವಿದ್ದವರು ತಿಳಿಯಲಿ: ಇಬ್ಬರನ್ನೂ ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವನ್ನು ನಿಮ್ಹಾನ್ಸ್ 2009ರಲ್ಲೇ ತೆರೆಯಿತು.

ಕೊನೆಗೆ ಗಲ್ಫ್‌ನಲ್ಲಿರುವ ಸಹೋದರರಿಗೆ. ತಾವು ಪ್ರತಿ ರಾತ್ರಿ ವಿಡಿಯೋದಲ್ಲಿ ಮಗುವನ್ನು ತೋರಿಸಲು ಹೇಳುತ್ತೀರಿ. ಆಕೆ ಕ್ಯಾಮರಾವನ್ನು ಮಗುವಿನ ಕಡೆ ತಿರುಗಿಸುತ್ತಾಳೆ; ಆಕೆಯ ಮುಖ ತಮಗೆ ಕಾಣಿಸುವುದೇ ಇಲ್ಲ. ಒಮ್ಮೆ ಅದನ್ನು ಈ ಕಡೆ ತಿರುಗಿಸಲು ಹೇಳಿ. ಉಂಡೆಯಾ, ಮಲಗಿದೆಯಾ ಎಂದು ಕೇಳಿ, ಉತ್ತರ ಮುಗಿಯುವ ತನಕ ಕಾಯಿರಿ. ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ಕೈಜೋಡಿಸುತ್ತಿದ್ದರು. ದೂರದಲ್ಲಿರುವ ತಮಗೂ ಮಾಡಲು ಕೆಲಸವಿದೆ. ಸಲಹೆಗಾರ್ತಿಯ ಕರೆ ಇರುವುದು ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಎಂದಿಟ್ಟುಕೊಳ್ಳಿ. ಆಗ ದುಬೈಯಲ್ಲಿ ಒಂದೂವರೆ, ತಮ್ಮ ಊಟದ ಹೊತ್ತು. ಆ ಹೊತ್ತಿಗೆ ಸರಿಯಾಗಿ ತಮ್ಮ ತಾಯಿಯ ಫೋನಿಗೆ ಕರೆ ಮಾಡಿ, 'ಉಮ್ಮಾ, ಮಗುವನ್ನು ಸ್ವಲ್ಪ ಅಂಗಳಕ್ಕೆ ಎತ್ತಿಕೊಂಡು ಬನ್ನಿ, ನನಗೆ ನೋಡಬೇಕು' ಎನ್ನಿ. ಅರ್ಧ ಗಂಟೆ ಬಿಡದೆ ಮಾತಾಡಿಸುತ್ತಿರಿ.