ನೂರಾ ಅರವತ್ತು ಚದರಡಿ

ಬ್ಯಾಂಕಿನಿಂದ ಬಂದ ವ್ಯಾಲ್ಯುಯರ್ ಆ ಮನೆಯಲ್ಲಿ ಇದ್ದದ್ದು ಹತ್ತು ನಿಮಿಷ. ಮುಂಬಾಗಿಲ ಫೋಟೊ ತೆಗೆದ, ಗೋಡೆಯಿಂದ ಗೋಡೆಗೆ ಟೇಪ್ ಹಿಡಿದ, ಫಾರ್ಮಿನಲ್ಲಿ ಜಾಗದ ಬೆಲೆ ಬರೆದು ಅದರ ಕೆಳಗೆ ಕಟ್ಟಡದ ಬೆಲೆ ಅನ್ನೋ ಕಡೆ ಸೊನ್ನೆ ಹಾಕಿದ. ಅಷ್ಟು ಹೊತ್ತಿಗೆ ಮನೆಯ ಯಜಮಾನಿ, ಎಪ್ಪತ್ತೆಂಟು ವರ್ಷದವರು, ಅವನಿಗೂ ಸೇರಿಸಿ ಕಾಫಿ ತಂದರು. ಕುಡಿದು ಹೋದ.

ಅವನ ಲೆಕ್ಕ ತಪ್ಪೇನಲ್ಲ. ಕಟ್ಟಡಕ್ಕೆ ಇಷ್ಟು ಆಯಸ್ಸು ಅಂತ ಇರುತ್ತೆ, ವರ್ಷ ವರ್ಷ ಕಳೀತಾ ಹೋದರೆ ಒಂದು ದಿನ ಸೊನ್ನೆಗೆ ಬಂದು ನಿಲ್ಲುತ್ತೆ. ಈ ಮನೆ ಆ ದಿನವನ್ನು ದಾಟಿ ಎಷ್ಟೋ ಕಾಲ ಆಗಿತ್ತು. ಕಂಪನಿಗಳಲ್ಲಿ ಹಳೇ ಕೋಡ್ ಇರುತ್ತಲ್ಲ, ಹಾಗೆ. ಯಾವ ಲೆಕ್ಕದ ಪುಸ್ತಕದಲ್ಲೂ ಅದಕ್ಕೆ ಬೆಲೆ ಇಲ್ಲ, ಆದರೆ ಇಡೀ ವ್ಯವಹಾರ ಅದರ ಮೇಲೇ ನಡೀತಿರುತ್ತೆ.

ಮನೆ ಇದ್ದದ್ದು ಚಾಮರಾಜಪೇಟೆಯಲ್ಲಿ. ಬೆಂಗಳೂರಿಗೆ ಪ್ಲೇಗ್ ಬಂದು ಜನ ಪೇಟೆ ಬಿಟ್ಟು ಓಡೋದಕ್ಕೂ ಆರು ವರ್ಷ ಮುಂಚೆ, 1892ರಲ್ಲಿ ಎದ್ದ ಬಡಾವಣೆ. ಇಪ್ಪತ್ತು ಬೈ ಐವತ್ತು ಸೈಟು. ದೊಡ್ಡ ಮನೆಯೊಂದು ಭಾಗವಾದಾಗ ಬಂದ ಅರ್ಧ, ಆದ್ದರಿಂದ ಹಾಲಿನ ಒಂದು ಗೋಡೆ ಬಾಕಿ ಗೋಡೆಗಳಿಗಿಂತ ತೆಳು, ಅದರಲ್ಲಿ ಕಿಟಕಿ ಇಲ್ಲ. 1949ರಲ್ಲಿ ಅಮ್ಮನವರ ಮಾವ ಕೊಂಡಿದ್ದು. ಚದರಡಿಗೆ ಹದಿನೈದು ಸಾವಿರ, ಒಟ್ಟು ಒಂದೂವರೆ ಕೋಟಿ. ನಾವಿಬ್ಬರೂ ದುಡಿಯೋರು, ಇಪ್ಪತ್ತು ವರ್ಷದ ಸಾಲ, ಊರಲ್ಲಿ ಅಪ್ಪ ಕೊಡ್ತೀನಿ ಅಂದಿದ್ದ ಕೊಬ್ಬರಿ ದುಡ್ಡು, ಎಲ್ಲಾ ಸೇರಿಸಿದರೆ ಅಷ್ಟಕ್ಕೆ ಅಷ್ಟು. ಒಂದು ಲಕ್ಷ ಟೋಕನ್ ಕೊಟ್ಟಿದ್ವಿ. ಅಗ್ರಿಮೆಂಟ್ ಆಗಿರಲಿಲ್ಲ.

ಮನೆ ನೋಡೋಕೆ ನನ್ನ ಬಿಇ ಗೆಳೆಯನನ್ನು ಕರ್ಕೊಂಡು ಹೋಗಿದ್ದೆ. ನಮ್ಮ ಬ್ಯಾಚಿನಲ್ಲಿ ಸಿವಿಲ್ ಓದಿ ಸಿವಿಲ್‌ನಲ್ಲೇ ಉಳಿದವನು ನನಗೆ ಗೊತ್ತಿರೋ ಮಟ್ಟಿಗೆ ಅವನೊಬ್ಬನೇ. ಹಳೇ ಮನೆಗೆ ಹೋದರೆ ಮೊದಲು ನೆಲ ನೋಡಬೇಡ, ತಲೆ ಎತ್ತು ಅಂದ. ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ಚಿಕ್ಕ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಚ್ಚಿಸಿರ್ತಾರೆ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಪದರ. ಕಬ್ಬಿಣದ ಸರಳು ಒಂದೂ ಇಲ್ಲ. ಏಣಿ ಹಾಕಿ ಪ್ರತಿ ತೊಲೆಯ ತುದಿ, ಅಂದರೆ ಗೋಡೆಯೊಳಗೆ ಹೋಗೋ ಜಾಗ, ಸ್ಕ್ರೂಡ್ರೈವರಿನಲ್ಲಿ ಚುಚ್ಚಿದ. ಗೆದ್ದಲು ಹತ್ತೋದು ಅಲ್ಲಿ, ನಡುವೆ ಅಲ್ಲ. ಹನ್ನೊಂದು ತೊಲೆಯಲ್ಲಿ ಎರಡು ಹೋಗಿದ್ವು. ಬಚ್ಚಲ ಗೋಡೆ ಸೊಂಟದ ಮಟ್ಟಕ್ಕೆ ಒದ್ದೆ. ಹಳೇ ಸುಣ್ಣದ ಗೋಡೆ ನೀರು ಕುಡಿದರೂ ಉಸಿರಾಡಿ ಹೊರಗೆ ಹಾಕುತ್ತೆ, ಯಾರೋ ಪುಣ್ಯಾತ್ಮರು ಮೇಲೆ ಸಿಮೆಂಟ್ ಬಳಿದು ಮೂಗು ಬಾಯಿ ಮುಚ್ಚಿದ್ದಾರೆ ಅಂದ. ವೈರಿಂಗ್ ಪೂರ್ತಿ ತೆಗೀಬೇಕು. ಭಾರ ಹೊತ್ತಿರೋದು ಗೋಡೆಗಳೇ, ಪಿಲ್ಲರ್ ಇಲ್ಲ, ಆದ್ದರಿಂದ 'ಓಪನ್ ಕಿಚನ್' ಆಸೆ ಮರೆತುಬಿಡು. ಕೊನೆಗೆ ನೆಲ ನೋಡಿ ಅಂದ. ಕೆಂಪು ಗಾರೆ ನೆಲ, ತೊಂಬತ್ತು ವರ್ಷ ಅಂಗಾಲು ತಿಕ್ಕಿ ತಿಕ್ಕಿ ಕನ್ನಡಿ ಆಗಿತ್ತು. ನನ್ನ ಹೆಂಡತಿ ಚಪ್ಪಲಿ ಬಿಟ್ಟು ಎರಡು ಸುತ್ತು ಸುಮ್ಮನೆ ನಡೆದಳು. ವ್ಯಾಪಾರ ಅಲ್ಲಿಗೇ ಮುಗಿದಿತ್ತು ಅನ್ಸುತ್ತೆ.

ಹಿತ್ತಿಲಲ್ಲಿ ಒಂದು ಪಟ್ಟಿ ಜಾಗ. ಎಂಟಡಿ ಅಗಲ, ಮುಚ್ಚಿದ ಬಾವಿ, ಒಂದು ಸೀಬೆ ಮರ. ಅಮ್ಮ ಅಲ್ಲಿಗೆ ಬಂದಾಗ ದನಿ ತಗ್ಗಿಸಿದರು. "ಇದನ್ನ ಲೆಕ್ಕಕ್ಕೆ ಹಿಡೀಬೇಡಪ್ಪ. ಇದು ಕಾರ್ಪೊರೇಷನ್ ಸಂದಿ ಜಾಗ. ನಮ್ಮ ಮಾವನೋರು ಆ ಕಾಲದಲ್ಲಿ ಬೇಲಿ ಹಾಕ್ಕೊಂಡ್ರಂತೆ. ನಾಳೆ ಯಾರಾದ್ರೂ ಬಂದು ಕೇಳಿದ್ರೆ ಬಿಟ್ಟುಕೊಡಬೇಕಾಗುತ್ತೆ, ಆಮೇಲೆ ನನ್ನ ಬೈಕೋಬೇಡ."

ಆ ಬಡಾವಣೆಗಳ ಮನೆಗಳ ಬೆನ್ನಿಗೆ ಇಂಥ ಸಂದಿಗಳಿವೆ. ಮನೆ ಮುಂದಿನಿಂದ ಬರಬಾರದು ಅಂತ ಮಲ ಹೊರುವವರಿಗೆಂದೇ ಬಿಟ್ಟ ದಾರಿ ಅದು. ಎಪ್ಪತ್ತರ ದಶಕದಲ್ಲಿ, ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನು ನಿಲ್ಲಿಸಿದ ಮೇಲೆ ಆ ದಾರಿಗಳಿಗೆ ಕೆಲಸ ಹೋಯಿತು. 'ಹೆರಿಟೇಜ್' ಅಂತ ನಾವು ಕೊಂಡಾಡೋ ಮನೆಗಳ ನಕ್ಷೆಯಲ್ಲಿ ಅದೂ ಇದೆ. ಆ ಯೋಚನೆ ಬಂತು, ಹೋಯಿತು. ಸೀಬೆ ಮರ ಚೆನ್ನಾಗಿತ್ತು.

ಹತ್ತು ದಿನ ಬಿಟ್ಟು ನಮ್ಮ ವಕೀಲರು ಫೋನ್ ಮಾಡಿದರು. ಆನ್‌ಲೈನಿನಲ್ಲಿ ಸಿಗೋ ಇ.ಸಿ. 2004ರಿಂದ ಈಚೆಗಿನದು, ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಿನ ಹಳೇ ವಾಲ್ಯೂಮ್ ತೆಗೆಸಬೇಕು. ತೆಗೆಸಿದ್ದರು. 1958ರಲ್ಲಿ ಅಮ್ಮನವರ ಮಾವ ಹಿಂದಿನ ಮನೆಯವರಿಂದ ಇಪ್ಪತ್ತು ಬೈ ಎಂಟರ ತುಂಡು ಕ್ರಯಕ್ಕೆ ತಗೊಂಡಿದ್ದಾರೆ. ನೋಂದಣಿ ಆಗಿದೆ. ಚೆಕ್ಕುಬಂದಿ ಸರಿಯಾಗಿದೆ, ಸಂದಿ ಅದರ ಆಚೆಗಿದೆ. ಪತ್ರ ಮನೆಯಲ್ಲಿ ಎಲ್ಲೋ ಕಳೆದುಹೋಗಿರಬೇಕು, ಖಾತೆಗೂ ಏರಿಸಿಲ್ಲ. ನೂರಾ ಅರವತ್ತು ಚದರಡಿ. ಇಪ್ಪತ್ತನಾಲ್ಕು ಲಕ್ಷ.

"ಅವರಿಗೆ ಗೊತ್ತಾ ಸಾರ್?" ಅಂದೆ.

"ನಿಮಗೆ ಈಗ ಗೊತ್ತಾಗಿದೆ" ಅಂದರು.

ನಾಲ್ಕು ದಿನ ನಾನು ಅಮ್ಮನಿಗೆ ಫೋನ್ ಮಾಡಲಿಲ್ಲ. ಈ ಬರಹ ಆ ನಾಲ್ಕು ದಿನಗಳ ಬಗ್ಗೆ.

ಸಿವಿಲ್ ಗೆಳೆಯ ಕೇಳಿದ ಕೂಡಲೇ ಹೇಳಿದ: ಮಾಹಿತಿ ನಿಂದು. ವಕೀಲನಿಗೆ ಫೀಸು ಕೊಟ್ಟವನು ನೀನು. ಅವರ ಮಗ ಡಲ್ಲಾಸಿನಲ್ಲಿದ್ದಾನೆ, ಮಗಳು ಮೈಸೂರಿನಲ್ಲಿದ್ದಾಳೆ, ಇಬ್ಬರೂ ಓದಿದವರು, ತೆಗೆಸಬಹುದಿತ್ತು. ಇಂಟರ್‌ವ್ಯೂನಲ್ಲಿ ಎಚ್.ಆರ್. ನಿನಗೆ ತಮ್ಮ ಬಜೆಟ್ ಎಷ್ಟು ಅಂತ ಹೇಳ್ತಾರಾ?

ಆ ಮಾತು ಮಾತ್ರ ಅವನ ವಾದಕ್ಕೇ ತಿರುಗಿಬಿತ್ತು. ಮೂರು ವರ್ಷದ ಹಿಂದೆ ನಾನೇ ಕೆಲಸ ಕಲಿಸಿದ ಹುಡುಗ ನನಗಿಂತ ಆರು ಲಕ್ಷ ಹೆಚ್ಚಿಗೆ ಬಂದು ಸೇರಿದ್ದ ಅಂತ ಗೊತ್ತಾದ ರಾತ್ರಿ ನಾನು ಊಟ ಮಾಡಿರಲಿಲ್ಲ. ನಾನು ಕೇಳಿದಷ್ಟನ್ನೇ ಕೊಟ್ಟಿದ್ದರು, ಒಂದು ಸುಳ್ಳೂ ಹೇಳಿರಲಿಲ್ಲ.

ಹೆಂಡತಿಯ ವಾದ ಇದಕ್ಕಿಂತ ಗಟ್ಟಿ. "ರೀ, ನಾವು ತಗೊಂಡ್ರೆ ಈ ಮನೆ ಉಳಿಯುತ್ತೆ. ಬೆಲೆ ಏರಿದ್ರೆ ನಮ್ಮ ಕೈಗೆ ಸಿಗಲ್ಲ, ಬಿಲ್ಡರ್ ತಗೊಂಡು ಒಡೀತಾನೆ. ಅಮ್ಮನಿಗೆ ಈಗ ಒಂದೂವರೆ ಕೋಟಿ ಬರ್ತಾ ಇಲ್ವಾ? ಅವರಿಗೇನು ಕಮ್ಮಿ?" ಎರಡು ದಿನ ಇದನ್ನೇ ಹಿಡ್ಕೊಂಡಿದ್ದೆ. ಮೂರನೇ ದಿನ ಅನುಮಾನ ಬಂತು. ಮನೆ ಉಳಿಸೋ ಪುಣ್ಯ ನಮ್ಮದು, ಅದರ ಖರ್ಚು ಅಮ್ಮನದು. ಇಪ್ಪತ್ತನಾಲ್ಕು ಲಕ್ಷ ಚಂದಾ, ರಸೀತಿ ಇಲ್ಲದೆ.

ಹಳ್ಳಿಯಿಂದ ಬಂದವನು, ನಿನಗೆ ಇದೆಲ್ಲ ರಕ್ತದಲ್ಲೇ ಗೊತ್ತಿರಬೇಕು ಅಂತ ಯಾರಾದರೂ ಅಂದುಕೊಂಡರೆ, ಒಂದು ಕತೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ಸಿದ್ದಗಂಗೆ ಜಾತ್ರೆಯಲ್ಲಿ ಒಂದು ಎತ್ತು ಮಾರಿದರು. ಸುಳಿ ಶುದ್ಧ, ಹಲ್ಲು ಸರಿ, ನಡಿಗೆ ಚೆಂದ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದಲ್ಲಾಳಿ ವ್ಯಾಪಾರ ಮುಗಿಸಿದ. ಆ ಎತ್ತು ನೇಗಿಲಿಗೆ ಹೂಡಿದರೆ ನಾಲ್ಕು ಸಾಲು ಹೊಡೆದು ಮಲಗಿಬಿಡ್ತಿತ್ತು. ಅದು ಸುಳಿಯಲ್ಲಿ ಕಾಣಲ್ಲ. ಎರಡು ವಾರಕ್ಕೆ ಕೊಂಡವನು ಹುಡುಕಿಕೊಂಡು ನಮ್ಮ ಮನೆಗೆ ಬಂದ. ಜಗಳ ಆಡಲಿಲ್ಲ. ಅಪ್ಪ ಕಾಫಿ ಕೊಡಿಸಿ, "ನೋಡೇ ತಗೊಂಡ್ರಲ್ಲ" ಅಂದರು. ಅವನು ಲೋಟ ತೊಳೆದಿಟ್ಟು ಹೋದ. ಅಪ್ಪ ಕೆಟ್ಟವರಲ್ಲ. ಆ ವರ್ಷ ನನ್ನ ಹಾಸ್ಟೆಲ್ ಫೀಸು ಅದರಲ್ಲೇ ಬಂದಿದ್ದು.

ಎರಡು ಸಾವಿರ ವರ್ಷಕ್ಕೂ ಹಿಂದೆ ರೋಮಿನ ಸಿಸೆರೊ ತನ್ನ ಮಗನಿಗೆ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಥೇಟ್ ಹಳೇ ಮನೆ ಮಾರೋ ಪ್ರಸಂಗವೇ ಇದೆ. ಮನೆಯ ಮರ ಲಡ್ಡಾಗಿದೆ, ಮಲಗೋ ಕೋಣೆಗಳಲ್ಲಿ ಹಾವು ಬರುತ್ತೆ, ಇದು ಯಜಮಾನನಿಗೆ ಮಾತ್ರ ಗೊತ್ತು. ಹೇಳಬೇಕಾ? ಹೇಳಲೇಬೇಕು ಅಂತ ಆಂಟಿಪೇಟರ್. ಸುಮ್ಮನಿರೋದು ಬೇರೆ, ಮುಚ್ಚಿಡೋದು ಬೇರೆ ಅಂತ ಅವನ ಗುರು ಡಯೋಜಿನಿಸ್. ಸಿಸೆರೊ ಶಿಷ್ಯನ ಕಡೆ. ಆದರೆ ನನ್ನನ್ನು ಹಿಡಿದದ್ದು ಸ್ವಲ್ಪ ಮುಂದೆ ಬರೋ ಸ್ಕೆವೋಲ ಅನ್ನೋನ ಪ್ರಸಂಗ. ಜಮೀನು ಕೊಳ್ಳೋಕೆ ಹೋಗಿ, ಒಂದೇ ಮಾತಿನಲ್ಲಿ ಬೆಲೆ ಹೇಳು ಅಂತಾನೆ. ಮಾರೋನು ಹೇಳ್ತಾನೆ. ಇದು ಅದಕ್ಕಿಂತ ಹೆಚ್ಚು ಬಾಳುತ್ತೆ ಅಂತ ಸ್ಕೆವೋಲ ಒಂದು ಲಕ್ಷ ನಾಣ್ಯ ಮೇಲೆ ಹಾಕಿ ಕೊಡ್ತಾನೆ. ಒಳ್ಳೆಯವನು ಅಂತ ಎಲ್ಲರೂ ಒಪ್ತಾರೆ, ಜಾಣ ಅಂತ ಒಪ್ಪಲ್ಲ ಅಂತ ಸಿಸೆರೊ ಬರೀತಾನೆ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಹೇಳಿದ್ದರೂ ಇದೇ ತೀರ್ಪು ಬರ್ತಿತ್ತು.

ನಾಲ್ಕನೇ ದಿನ ವಕೀಲರ ಹತ್ತಿರ ಹೋದೆ. ಅವರು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ತೆಗೆದು ತೋರಿಸಿದರು. ಮಾರೋನು ದೋಷ ಹೇಳಬೇಕು ಅನ್ನೋದು ಎಲ್ಲರಿಗೂ ಗೊತ್ತು. ಕೊಳ್ಳೋನಿಗೂ ಒಂದು ಕಟ್ಟಳೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ಆ ಸ್ವತ್ತಿನಲ್ಲಿ ಮಾರೋನಿಗೆ ಇರೋ ಹಕ್ಕು ಎಂಥದ್ದು, ಎಷ್ಟು ದೊಡ್ಡದು ಅನ್ನೋದರ ಬಗ್ಗೆ, ಅವನಿಗೆ ತಿಳಿಯದ, ಅದರ ಬೆಲೆಯನ್ನು ಗಣನೀಯವಾಗಿ ಹೆಚ್ಚಿಸೋ ಸಂಗತಿ ಕೊಳ್ಳೋನಿಗೆ ಗೊತ್ತಿದ್ದರೆ ಹೇಳಬೇಕು. ಹೇಳದಿದ್ದರೆ ಅದು ವಂಚನೆ. ಇದೇ ರಸ್ತೆಗೆ ನಾಳೆ ಮೆಟ್ರೊ ಬರುತ್ತೆ ಅಂತ ನನಗೊಬ್ಬನಿಗೇ ತಿಳಿದಿದ್ದರೆ ಬಾಯಿ ಮುಚ್ಚಿಕೊಂಡಿರಬಹುದಿತ್ತೇನೋ, ಅದು ಮಾರುಕಟ್ಟೆಯ ಸುದ್ದಿ. ಇದು ಅವರದೇ ಜಾಗ.

ಅವತ್ತು ಸಂಜೆಯೇ ಹೋಗಿ ಹೇಳಿದೆ. ಆದ್ದರಿಂದ ನನ್ನನ್ನು ಪ್ರಾಮಾಣಿಕ ಅಂತ ಕರೆಯೋಕೆ ಮುಂಚೆ ತಾರೀಖು ನೋಡಿ. ಸೆಕ್ಷನ್ ಓದೋಕೆ ಮುಂಚೆ ನಾಲ್ಕು ದಿನ ಇತ್ತು, ಓದಿದ ಮೇಲೆ ನಾಲ್ಕು ಗಂಟೆ. ಅಮ್ಮನಿಗೆ ಹಿತ್ತಿಲ ವಿಷಯ ಹೇಳೋಕೆ ಯಾವ ಕಾಯ್ದೆಯೂ ಬೇಕಾಗಿರಲಿಲ್ಲ. ತನಗೆ ನಿಜ ಅನ್ನಿಸಿದ್ದನ್ನ, ತನಗೇ ನಷ್ಟ ಆಗೋ ಹಾಗೆ, ಕೇಳದೇ ಹೇಳಿದ್ದರು. ಕಾಯ್ದೆ ನನ್ನ ಕೈಗೆ ಸಿಗದೇ ಹೋಗಿದ್ದರೆ ನಾನು ಏನು ಮಾಡ್ತಿದ್ದೆ? ಹೇಳ್ತಿದ್ದೆ ಅಂತ ಅನ್ನಿಸುತ್ತೆ. ಹಾಗೆ ಅನ್ನಿಸೋದು ನನಗೆ ಅನುಕೂಲ ಕೂಡ.

ಅಮ್ಮ ಜೆರಾಕ್ಸನ್ನು ಕನ್ನಡಕ ಹಾಕಿ ಎರಡು ಸಲ ಓದಿದರು. ದುಡ್ಡಿನ ಮಾತು ಬರಲಿಲ್ಲ. "ಹಾಗಾದ್ರೆ ಮಾವನೋರು ಕದ್ದಿರಲಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಐವತ್ತು ವರ್ಷ ಆ ಮರದ ಸೀಬೆಕಾಯಿ ತಿನ್ನುವಾಗೆಲ್ಲ ನನಗೆ ಅದೇ ಇತ್ತು ನೋಡು" ಅಂದರು.

ದುಡ್ಡಿನ ಮಾತು ಮಾರನೇ ದಿನ ಡಲ್ಲಾಸಿನಿಂದ ಬಂತು. ಬಹಳ ಮರ್ಯಾದೆಯಿಂದ, ಥ್ಯಾಂಕ್ಸ್ ಹೇಳಿ, ಒಂದು ಕೋಟಿ ಎಪ್ಪತ್ತನಾಲ್ಕು ಅಂದರು. ತಪ್ಪೇನಿಲ್ಲ, ಅದೇ ಲೆಕ್ಕ. ಬ್ಯಾಂಕಿನ ಸೊನ್ನೆ ಹಾಗೇ ಇತ್ತು, ಖಾತೆಗೆ ಏರದ ಜಾಗಕ್ಕೆ ಅವರು ಸಾಲ ಕೊಡೋದಿಲ್ಲ ಅಂದರು. ನಮ್ಮಿಂದ ಆಗಲಿಲ್ಲ. ಆರು ತಿಂಗಳಾದ ಮೇಲೆ ಅದು ಬೇರೆಯವರ ಪಾಲಾಯಿತು. ಈಗ ಅಲ್ಲಿ ನಾಲ್ಕು ಫ್ಲೋರು ಎದ್ದಿದೆ, ಕೆಳಗೆ ಪಾರ್ಕಿಂಗು. ಹೆಂಡತಿ ಆ ರಸ್ತೆಗೆ ಗಾಡಿ ತಿರುಗಿಸೋಕೆ ಬಿಡಲ್ಲ. ಅವಳ ವಾದ ಸೋತಿತು ಅಂತ ನಾನು ಇವತ್ತಿಗೂ ಹೇಳಲಾರೆ. ಅವಳು ಹೇಳಿದ್ದೇ ಆಯಿತು.

ಟೋಕನ್ ದುಡ್ಡು ವಾಪಸ್ ತಗೊಳ್ಳೋಕೆ ಹೋದ ದಿನ ಅಮ್ಮ ಚೆಕ್ಕಿನ ಜೊತೆ ಒಂದು ಚೀಲ ಸೀಬೆಕಾಯಿ ಕೊಟ್ಟರು. ಬಾಗಿಲಲ್ಲಿ ನಿಂತು, 1958ರ ಪತ್ರದ ಸರ್ಟಿಫೈಡ್ ಕಾಪಿ ಇನ್ನೊಂದು ತೆಗೆಸಿಕೊಡ್ತೀಯೇನಪ್ಪ ಅಂತ ಕೇಳಿದರು. ಕ್ರಯಕ್ಕೆ ಮಗ ತೆಗೆಸ್ತಾನಲ್ಲ ಅಮ್ಮ ಅಂದೆ.

"ಅದು ಅವನ ಹತ್ರ ಇರ್ಲಿ. ಇದು ನನಗೆ."